ಫ್ರೆಂಚ್ ದೊರೆಯ ಆಸ್ತಿ ವಿಚಾರ

ನಾವು ಗಲ್ಫಿನ ಅಹ್ಮದಿಯಲ್ಲಿ ಎಣ್ಣೆ ಕಂಪನಿ ಕೊಟ್ಟ ಮನೆಯಲ್ಲಿದ್ದಾಗ ಒಂದು ಚಳಿಗಾಲ ಅಮ್ಮ ಊರಿನಿಂದ ಬಂದಿದ್ದರು. ಆಗ ಏಳನೆಯ ಕ್ಲಾಸಿನಲ್ಲಿದ್ದ ನನ್ನ ಮಗಳಿಗೆ ಶಾಲೆಯ ನಾಟಕದಲ್ಲಿ ಪಾತ್ರ ಸಿಕ್ಕಿತ್ತು. ನೂರಾರು ವರ್ಷಗಳ ಹಿಂದಿನ ಒಬ್ಬ ಫ್ರೆಂಚ್ ದೊರೆಯ ಕಥೆ. ಮಗಳು ದೊರೆಯ ತಂಗಿ. ಅಣ್ಣನಿಗೆ ತಲೆಬಾಗಿ, ಸನ್ಯಾಸಿನಿಯರ ಮಠಕ್ಕೆ ಹೊರಟುಹೋದರೆ ಅವಳ ಕೆಲಸ ಮುಗಿಯಿತು.

ಮೊಮ್ಮಗಳನ್ನು ಮಠಕ್ಕೆ ಅಟ್ಟುವುದು ಯಾಕೆಂದು ಅಮ್ಮ ಕೇಳಿದರು. ನಾನು ಕಥೆ ಹೇಳಿದೆ. ದೊರೆಯ ಮೊದಲ ಹೆಂಡತಿ ಹೆಣ್ಣು ಹೆತ್ತು ತೀರಿಕೊಂಡಳು. ಗಂಡು ಬೇಕೆಂದು ಅವನು ಪಕ್ಕದ ಸೀಮೆಯ ವಿಧವೆಯನ್ನು ಮದುವೆಯಾದ. ಅವಳಿಗೆ ಹುಟ್ಟಿದ ಮಗನಿಗೇ ಕೋಟೆ, ಜಮೀನು ಎಲ್ಲವೂ ಸೇರಬೇಕು. ತಂಗಿಗೆ ಮದುವೆ ಮಾಡಿದರೆ ಜಮೀನು ಕೊಡಬೇಕಾಗುತ್ತದೆ, ಅದಕ್ಕೆ ಮಠ.

"ಕೋಟೆ ಯಾರದ್ದು?" ಅಮ್ಮ ಕೇಳಿದರು.

"ದೊರೆಯ ತಾಯಿಯ ಕಡೆಯಿಂದ ಬಂದದ್ದು."

ಅಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು. "ತಾಯಿಯದ್ದಾದರೆ ಮಗಳಿಗಲ್ವಾ ಬರಬೇಕಾದ್ದು? ಅವಳ ಮಗನಿಗೆ ಯಜಮಾನಿಕೆ. ಇವ ಎಂತ ಹಾರಾಡುವುದು?"

ನಮ್ಮದು ಅಳಿಯಸಂತಾನದ ಮನೆ. ಆಸ್ತಿ ತಾಯಿಯಿಂದ ಮಗಳಿಗೆ, ಯಜಮಾನಿಕೆ ಸೋದರಮಾವನಿಂದ ಅಳಿಯನಿಗೆ, ಅಂದರೆ ಅಕ್ಕತಂಗಿಯರ ಮಗನಿಗೆ. ಫ್ರಾನ್ಸಿನಲ್ಲಿ ಹಾಗಿಲ್ಲವೆಂದರೆ ಅಮ್ಮ ಒಪ್ಪಲಿಲ್ಲ. ದಿನಾ ಸಂಜೆ ಮೊಮ್ಮಗಳ ತಲೆ ಬಾಚುತ್ತಾ ಅದನ್ನೇ ಹೇಳಿದರು. ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರಿಸುವ ಅವಳು "ಓಕೆ ಅಜ್ಜಿ" ಎನ್ನುತ್ತಿದ್ದಳು. ಕಿವಿಗೇ ಹಾಕಿಕೊಳ್ಳುತ್ತಿಲ್ಲ ಎಂದು ನಾನು ನೆಮ್ಮದಿಯಿಂದಿದ್ದೆ.

ನಾಟಕದ ದಿನ ಅಮ್ಮ, ನಾನು, ನನ್ನ ಗಂಡ ಮೂವರೂ ಹೋದೆವು. ದೊರೆಯಾಗಿ ಲೆಬನಾನಿನ ಗುಂಡುಮುಖದ ಹುಡುಗನೊಬ್ಬ ಹತ್ತಿಯ ಗಡ್ಡ ಅಂಟಿಸಿಕೊಂಡು ನಿಂತಿದ್ದ. ಮಗಳು ಬಂದಳು, ತಲೆಬಾಗಲಿಲ್ಲ. ಇದು ನನ್ನ ತಾಯಿಯ ಕೋಟೆ, ನನ್ನ ಮಗನೇ ಇದಕ್ಕೆ ಯಜಮಾನ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದಳು. ಮಠಕ್ಕೆ ಹೊರಟ ಹುಡುಗಿಗೆ ಮಗ ಎಲ್ಲಿಂದ ಬಂದ ಎಂದು ಸಭೆಯಲ್ಲಿ ಗುಸುಗುಸು ಎದ್ದಿತು. ದೊರೆ ಪರದೆಯ ಹಿಂದಿದ್ದ ಟೀಚರ್ ಕಡೆ ನೋಡಿದ. ಅವರು ತಲೆಯ ಮೇಲೆ ಕೈಯಿಟ್ಟುಕೊಂಡಿದ್ದರು.

"ಖಲಾಸ್, ನೀನೇ ಇಟ್ಕೋ," ಎಂದು ಅವನು ಕಿರೀಟವನ್ನು ಅವಳ ಕೈಗೆ ಕೊಟ್ಟು, ಅವಳು ಹೋಗಬೇಕಿದ್ದ ಮಠದ ಬಾಗಿಲಿನಿಂದ ತಾನೇ ಹೊರಟುಹೋದ.

ನನಗೆ ಕುರ್ಚಿಯ ಕೆಳಗೆ ನುಸುಳಿಕೊಳ್ಳೋಣ ಅನ್ನಿಸಿತು. ಅಮ್ಮ ಒಬ್ಬರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಮೇಲೆ ಟೀಚರ್ ನಮ್ಮನ್ನು ಹುಡುಕಿಕೊಂಡು ಬಂದರು. ಬೈಗುಳಕ್ಕೆ ಸಿದ್ಧಳಾಗಿ ನಾನು ಅಳಿಯಸಂತಾನವನ್ನೆಲ್ಲ ವಿವರಿಸಿದೆ. ಅವರು ಬೈಯಲಿಲ್ಲ. ಹಾಗಾದರೆ ಗಂಡನಿಗೆ ಏನು ಸಿಗುತ್ತದೆ ಎಂದು ಕುತೂಹಲದಿಂದ ಕೇಳಿದರು. ಪ್ರಶ್ನೆಯನ್ನು ಅಮ್ಮನಿಗೆ ದಾಟಿಸಿದೆ.

ಅಮ್ಮ ಸ್ವಲ್ಪ ಯೋಚಿಸಿ, "ಬಂದಾಗ ಊಟ ಉಂಟಲ್ಲ," ಎಂದರು.

ಅದನ್ನು ಟೀಚರಿಗೆ ಇಂಗ್ಲಿಷಿನಲ್ಲಿ ಹೇಳಿದವರು ನನ್ನ ಗಂಡ. ಮೀನೂ ಇರುತ್ತದೆ ಎಂದು ತಮ್ಮ ಕಡೆಯಿಂದ ಸೇರಿಸಿದರು.