ಮೊದಲ ಸಾಲಿನಲ್ಲಿ ಅರಿಸಿನ

ಹರದನಹಳ್ಳಿಯ ಮಂಗಳಗೌರಿ ಒಂದು ಕೆಲಸಕ್ಕೆ ಕೈ ಹಾಕಿದಳೆಂದರೆ ಮನೆಯವರು ಒಂದು ವಾರ ನಗುತ್ತಿದ್ದರು, ಇನ್ನೊಂದು ವಾರ ಗೊಣಗುತ್ತಿದ್ದರು, ಮೂರನೆಯ ವಾರಕ್ಕೆ ತಾವೇ ಬಂದು ಕೈಜೋಡಿಸುತ್ತಿದ್ದರು. ಅವಳು ಸೈಕಲ್ ಕಲಿತದ್ದು ಹಾಗೆ, ಮದುವೆಯಾದ ಮೇಲೆ ಬಿ.ಕಾಂ. ಮುಗಿಸಿದ್ದೂ ಹಾಗೆಯೇ. ಮಾವ ದೊಡ್ಡಮಲ್ಲಪ್ಪನವರೊಬ್ಬರು ಮಾತ್ರ ಮೂರು ವಾರಕ್ಕೆ ಬಗ್ಗುವ ಪೈಕಿಯಲ್ಲ. ಹಟದಲ್ಲಿ ಸೊಸೆಗಿಂತ ಒಂದು ಕೈ ಮೇಲು. ಗಂಡ ಸೋಮಶೇಖರ್ ಚಾಮರಾಜನಗರದಲ್ಲಿ ಹೊಸದಾಗಿ ತೆರೆದಿದ್ದ ಜಿಲ್ಲಾ ಕಚೇರಿಯಲ್ಲಿ ಗುಮಾಸ್ತ. ಇಬ್ಬರ ಮಾತಿಗೂ ತಲೆಯಾಡಿಸಿ ಬೆಳಗಿನ ಬಸ್ಸು ಹತ್ತುವುದರಲ್ಲಿ ಜಾಣ.

ಅವರ ಹೊಲದ ಅರಿಸಿನ ವರ್ಷವರ್ಷವೂ ಇಡೀ ಕೊಂಬಾಗಿಯೇ ಮೂಟೆ ಕಟ್ಟಿಸಿಕೊಂಡು ಲಾರಿಯಲ್ಲಿ ಈರೋಡಿಗೆ ಹೋಗುತ್ತಿತ್ತು. ಆಮೇಲೆ ಅದು ಎಲ್ಲಿ ಪುಡಿಯಾಯಿತು, ಯಾರ ಹೆಸರಿನ ಪ್ಯಾಕೆಟ್ಟಿನೊಳಗೆ ಕೂತಿತು ಎಂಬುದು ಬೆಳೆದವರಿಗೆ ಗೊತ್ತಾಗುತ್ತಿರಲಿಲ್ಲ. ಇದು ಮಂಗಳಗೌರಿಯ ಹೊಟ್ಟೆ ಉರಿಸುತ್ತಿತ್ತು. ಗಂಡನ ಬೆನ್ನುಬಿದ್ದು, ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಪುಡಿ ಮಾಡುವ ಮಿಲ್ಲೊಂದನ್ನು ಹಾಕಿಸಿದಳು. ಮಿಲ್ಲೇನೋ ಚೆನ್ನಾಗಿಯೇ ಓಡಿತು. ಆದರೆ ಊರಲ್ಲಿ ಯಾರು ಕೊಳ್ಳುತ್ತಾರೆ? ಎಲ್ಲರ ಮನೆಯಲ್ಲೂ ಅರಿಸಿನವೇ. ಚಾಮರಾಜನಗರದ ಎರಡು ಅಂಗಡಿಯವರು ಮುಖ ನೋಡಿ ಒಂದಿಷ್ಟು ತೆಗೆದುಕೊಂಡರು, ಅಷ್ಟೆ.

"ಯುಗಾದಿ ಗಂಟ ನೋಡ್ತೀನಿ ಕಣವ್ವ," ಎಂದರು ದೊಡ್ಡಮಲ್ಲಪ್ಪ. "ಅಷ್ಟೊತ್ಗೆ ಹೊರಗಿನೋರು ಒಬ್ರಾದ್ರೂ ಪುಡಿ ಬೇಕು ಅಂತ ಕೇಳುದ್ರ ಸರಿ. ಇಲ್ದಿದ್ರ ಮಿಷನ್ ತಗ್ದು ಆ ಕೋಣೇಲಿ ರೇಷ್ಮೆ ಹುಳ ಸಾಕನ."

ಇದು ತೊಂಬತ್ತೆಂಟರ ಶ್ರಾವಣದ ಮಾತು. ಮಂಗಳಗೌರಿ ಚಾಮರಾಜನಗರದಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಆಗಷ್ಟೇ ಮುಗಿಸಿದ್ದಳು. ವೆಬ್‌ಸೈಟ್ ಎಂಬುದೊಂದು ಇದೆ, ಅದರಲ್ಲಿ ಅಂಗಡಿ ಇಟ್ಟರೆ ಲೋಕದ ಯಾವ ಮೂಲೆಯಿಂದಲೂ ಗಿರಾಕಿ ಬರಬಹುದು ಎಂದು ಅಲ್ಲಿ ಕೇಳಿದ್ದಳು. ಅವಳಿಗೆ ಗೊತ್ತಿದ್ದ ಒಂದೇ ಒಂದು ಇಂಟರ್‌ನೆಟ್ ಗುಂಡ್ಲುಪೇಟೆಯ ಬಸ್ ನಿಲ್ದಾಣದ ಹತ್ತಿರ, ಶಿವಸ್ವಾಮಿಯ ಎಸ್.ಟಿ.ಡಿ. ಬೂತಿನಲ್ಲಿತ್ತು. ಊಟಿಗೆ ಹೋಗುವ ವಿದೇಶಿಯರಿಗೆಂದು ಅವನು ಒಂದು ಕಂಪ್ಯೂಟರ್ ಇಟ್ಟಿದ್ದ. ಮೈಸೂರಿಗೆ ಫೋನ್ ಹಚ್ಚಿ ಅಲ್ಲಿಂದ ಸಂಪರ್ಕ ಹಿಡಿಯಬೇಕು. ಮೂರು ಸಲಕ್ಕೆ ಒಂದು ಸಲ ಸಿಗುತ್ತಿತ್ತು. ಮಂಗಳಗೌರಿ ಬುಧವಾರ ಬುಧವಾರ ಚಾಮರಾಜನಗರಕ್ಕೆ ಬಂದು, ತೆರಕಣಾಂಬಿಯ ಮೇಲೆ ಹೋಗುವ ಬಸ್ಸು ಹಿಡಿದು ಗುಂಡ್ಲುಪೇಟೆಗೆ ಹೋಗತೊಡಗಿದಳು.

ಪುಟದಲ್ಲಿ ಏನು ಬರೆಯಬೇಕೆಂದು ಹೇಳಿದವರು ದೊಡ್ಡಮಲ್ಲಪ್ಪನವರೇ. ಅವರಿಗೆ ಗೊತ್ತಿದ್ದದ್ದು ಒಂದೇ ಕ್ರಮ. ಮದುವೆಯ ಕರೆಯೋಲೆಯಿರಲಿ, ಅಂಗಡಿಯ ಬಿಲ್ಲಿರಲಿ, ಮೇಲೆ 'ಶ್ರೀ ಮಲೆಮಹದೇಶ್ವರ ಪ್ರಸನ್ನ'. ಕೆಳಗೆ ಗುರುಗಳ ಕೃಪಾಶೀರ್ವಾದ. ಅದರ ಕೆಳಗೆ ಕಾಲವಾದ ತಂದೆ, ಆಮೇಲೆ ತಾವು, ಆಮೇಲೆ ವಯಸ್ಸಿನ ಪ್ರಕಾರ ಮೂವರು ತಮ್ಮಂದಿರು. ಎಲ್ಲ ಹಿರಿಯರೂ ಕೂತಾದ ಮೇಲೆ ಎಂಟನೆಯ ಸಾಲಿನಲ್ಲಿ, ಪಂಕ್ತಿಯ ಕೊನೆಯಲ್ಲಿ ಜಾಗ ಸಿಕ್ಕವನ ಹಾಗೆ, ಅರಿಸಿನ ಪುಡಿ. ಮಂಗಳಗೌರಿಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಅಷ್ಟನ್ನೂ ಇಂಗ್ಲಿಷಿಗೆ ತಿರುಗಿಸಿ, ಅಕ್ಷರ ಅಕ್ಷರವಾಗಿ ಟೈಪ್ ಮಾಡಿ, ಕೊನೆಯಲ್ಲಿ ತನ್ನ ಇ-ಮೇಲ್ ವಿಳಾಸ ಹಾಕಿ ಪುಟವನ್ನು ಏರಿಸಿದಳು. ಸರ್ಚ್ ಎಂಜಿನ್‌ಗಳಿಗೂ ವಿಳಾಸ ಕಳಿಸಿದಳು. ಲೋಕದ ಪುಟಗಳನ್ನೆಲ್ಲ ಓದಿಟ್ಟುಕೊಂಡು, ಯಾರಾದರೂ ಒಂದು ಪದ ಕೊಟ್ಟು ಕೇಳಿದರೆ ಅದಕ್ಕೆ ಹೊಂದುವ ಪುಟಗಳನ್ನು ಸಾಲಾಗಿ ತೋರಿಸುವ ಯಂತ್ರಗಳು ಅವು ಎಂದು ಶಿವಸ್ವಾಮಿ ಅವಳಿಗೆ ವಿವರಿಸಿದ್ದ.

ಎರಡು ತಿಂಗಳು ಒಂದು ನರಪಿಳ್ಳೆ ಬರೆಯಲಿಲ್ಲ. ಪುಟದ ಅಡಿಯಲ್ಲಿ ಬಂದವರನ್ನು ಎಣಿಸುವ ಮೀಟರು ಹದಿನೇಳು ತೋರಿಸುತ್ತಿತ್ತು. ಅದರಲ್ಲಿ ಹನ್ನೆರಡು ಸಲ ನೋಡಿದವನು ತಾನೇ ಎಂದು ಶಿವಸ್ವಾಮಿ ಒಪ್ಪಿಕೊಂಡ.

ದೀಪಾವಳಿಯ ಹೊತ್ತಿಗೆ ಇ-ಮೇಲಿನಲ್ಲಿ ಕಾಗದಗಳು ಬಂದವು. ಒಂದಲ್ಲ, ಒಂಬತ್ತು. ಮಂಗಳಗೌರಿಯ ಎದೆ ಹಿಗ್ಗಿತು. ಮೊದಲನೆಯದನ್ನು ಬರೆದಿದ್ದವರು ಸೇಲಂನವರು: ಬೆಟ್ಟದಲ್ಲಿ ಎರಡು ದಿನಕ್ಕೆ ಕೋಣೆ ಸಿಗುತ್ತದೆಯೇ? ಎರಡನೆಯದು: ಮಗುವಿನ ಮುಡಿ ಕೊಡಲು ಯಾವ ದಿನ ಒಳ್ಳೆಯದು? ಮೂರನೆಯವರು ದುಬೈಯಿಂದ, ತಮ್ಮ ಹೆಸರಿನಲ್ಲೊಂದು ಸೇವೆ ಮಾಡಿಸಿ ಪ್ರಸಾದ ಕಳಿಸಬೇಕೆಂದು ಕೋರಿದ್ದರು. ಒಂಬತ್ತರಲ್ಲಿ ಒಂಬತ್ತೂ ಮಹದೇಶ್ವರನ ಭಕ್ತರವೇ. ಶಿವಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಕ್ಕ, ಮಿಲ್ಲಾಕ್ಬುಟ್ಟು ಗುಡಿ ಕಟ್ಬುಟ್ರಲ್ಲ," ಎಂದ.

ಅವಳಿಗೆ ನಗು ಬರಲಿಲ್ಲ, ಅಳು ಬಂತು. ಆದರೂ ಒಂಬತ್ತು ಜನಕ್ಕೂ ಬಸ್ಸಿನ ವೇಳೆ ತಿಳಿದುಕೊಂಡು ಉತ್ತರ ಬರೆದಳು. ಕೇಳಿದವರಿಗೆ ಸುಮ್ಮನಿರುವುದು ಅವಳಿಂದಾಗದು. ಆಮೇಲೆ ಕಣ್ಣೊರೆಸಿಕೊಂಡು, ಅರಿಸಿನ ಎಂಬುದರ ಇಂಗ್ಲಿಷ್ ಪದವನ್ನು ಸರ್ಚ್ ಎಂಜಿನ್‌ಗೆ ಕೊಟ್ಟು ನೋಡಿದಳು. ನೂರು ಪುಟದಾಚೆಗೂ ತಮ್ಮ ಪುಟದ ಸುಳಿವಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು. ಇವಳು ಒಂದು ನೋಟ್‌ಬುಕ್ ತಂದಳು. ನಾಲ್ಕು ಬುಧವಾರ ಕೂತು, ಸಾಲಿನಲ್ಲಿ ಮುಂದಿದ್ದ ಇಪ್ಪತ್ತು ಪುಟಗಳು ಏನೆಂದು ಶುರುವಾಗುತ್ತವೆ, ಯಂತ್ರ ಅವುಗಳ ಬಗ್ಗೆ ಏನು ತೋರಿಸುತ್ತದೆ ಎಂದು ಕೈಯಲ್ಲಿ ಬರೆದುಕೊಂಡಳು. ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನೇ ಓದುತ್ತಿದ್ದಳು. ನಾಲ್ಕನೆಯ ವಾರ, ಬಸ್ಸು ತೆರಕಣಾಂಬಿ ದಾಟುವಾಗ, ಅವಳಿಗೆ ವಿಷಯ ಹೊಳೆಯಿತು. ಇಪ್ಪತ್ತರಲ್ಲಿ ಹದಿನೆಂಟು ಪುಟ ಮೊದಲ ಸಾಲಿನಲ್ಲೇ ಅರಿಸಿನ ಎನ್ನುತ್ತಿದ್ದವು. ಯಂತ್ರ ಪುಟದ ನೆತ್ತಿಯನ್ನು ನೋಡಿ ಇದು ಇಂಥದ್ದರ ಪುಟ ಎಂದು ತೀರ್ಮಾನಿಸುತ್ತಿತ್ತು. ಅವರ ಪುಟದ ನೆತ್ತಿಯಲ್ಲಿ ಮಲೆಮಹದೇಶ್ವರ ಮಾದಪ್ಪನಿದ್ದ, ಯಂತ್ರ ಮಾದಪ್ಪನ ಭಕ್ತರನ್ನೇ ಕಳಿಸಿತ್ತು. ಅದರ ತಪ್ಪೇನೂ ಇರಲಿಲ್ಲ.

ಅಂದು ಸಂಜೆಯೇ ಮಾವನಿಗೆ ಹೇಳಿದಳು.

"ಅರಿಸಿನ ಮೊದ್ಲು ಬರ್ಬೇಕು ಮಾವ. ಇಲ್ದಿದ್ರೆ ಅರಿಸಿನ ಹುಡ್ಕೋರ್ಗೆ ನಾವು ಸಿಕ್ಕೋದೇ ಇಲ್ಲ."

ದೊಡ್ಡಮಲ್ಲಪ್ಪ ಹಣೆಯ ವಿಭೂತಿ ಮುಟ್ಟಿಕೊಂಡರು. "ಮಾದಪ್ಪನ್ನ ಕೆಳೀಕ್ ಇಳ್ಸಿ ನಾನು ಅರಿಸಿನ ಮಾರಾಕಿಲ್ಲ ಕಣವ್ವ. ಮಿಷನ್ ಹೋದ್ರ ಹೋಗ್ಲಿ."

ನಿಜ ಹೇಳಬೇಕೆಂದರೆ ಅವಳಿಗೂ ದೇವರ ಹೆಸರಿನ ಮೇಲೆ ಬೇರೊಂದು ಸಾಲು ಬರೆಯಲು ಕೈ ಏಳುತ್ತಿರಲಿಲ್ಲ. ಆದರೆ ಮಿಲ್ಲನ್ನು ಬಿಟ್ಟುಕೊಡಲೂ ಮನಸ್ಸು ಒಪ್ಪದು. ಮತ್ತೆ ನೋಟ್‌ಬುಕ್ ತೆರೆದಳು. ಇಪ್ಪತ್ತರಲ್ಲೊಂದು ಪುಟದ ತಲೆಯಲ್ಲಿ ದೊಡ್ಡದೊಂದು ಚಿತ್ರವಿತ್ತು, ಚಿತ್ರದೊಳಗೇ ಕಂಪನಿಯ ಹೆಸರು ಬಿಡಿಸಿತ್ತು. ಯಂತ್ರ ಮಾತ್ರ ಆ ಹೆಸರನ್ನು ಎತ್ತಿಯೇ ಇರಲಿಲ್ಲ; ಚಿತ್ರದ ಕೆಳಗಿನ ಬರಹದಿಂದ ಶುರು ಮಾಡಿತ್ತು. ಅಂದರೆ ಅದಕ್ಕೆ ಅಕ್ಷರ ಕಾಣುತ್ತದೆ, ಚಿತ್ರ ಕಾಣುವುದಿಲ್ಲ. ದೇವರು ಚಿತ್ರವಾದರೆ ನೋಡುವ ಜನಕ್ಕೆ ಮೊದಲು ದೇವರು, ಯಂತ್ರಕ್ಕೆ ಮೊದಲು ಅರಿಸಿನ.

ಮುಂದಿನ ಎರಡು ಬುಧವಾರ ಅವಳು ಮೌಸ್ ಹಿಡಿದು ಹುಲಿಯ ಮೇಲೆ ಕೂತ ಮಾದಪ್ಪನನ್ನು ಬಿಡಿಸಿದಳು. ಮೌಸಿನಲ್ಲಿ ಗೆರೆ ಎಳೆಯುವುದೆಂದರೆ ಎಡಗೈಯಲ್ಲಿ ರಂಗೋಲಿ ಹಾಕಿದ ಹಾಗೆ. "ಅಕ್ಕ, ಹುಲಿ ಬೆಕ್ಕಾಗೋಯ್ತಲ್ಲ," ಎಂದು ಶಿವಸ್ವಾಮಿ ಇಣುಕಿ ನೋಡಿ ಹೇಳಿದಾಗ ಅಳಿಸಿ ಮತ್ತೆ ಬಿಡಿಸಿದಳು. ಅಚ್ಚು ಹಾಕಿಸಿ ತಂದು ಮಾವನ ಮುಂದಿಟ್ಟಳು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಮೀಸೆ ಒಸಿ ಸಣ್ಣಗಾಯ್ತು," ಎಂದರು. ಅದು ಒಪ್ಪಿಗೆ.

"ಇದರ ಕೆಳಗೆ ಅರಿಸಿನದ ವಿಚಾರ ಮಾವ. ಎಲ್ರ ಹೆಸ್ರೂ ಕೊನೇಲಿ."

ಈ ಮಾತಿಗೆ ದೊಡ್ಡಮಲ್ಲಪ್ಪನವರ ಮುಖ ಸಪ್ಪಗಾಯಿತು. ದೇವರಿಗೆ ಚಿತ್ರದ ದಾರಿ ಸಿಕ್ಕಿತ್ತು, ಅವರಿಗೆ ಅದೂ ಇರಲಿಲ್ಲ. ಎರಡು ದಿನ ಸೊಸೆಯೊಡನೆ ಮಾತಾಡದೆ ಊಟ ಮಾಡಿ ಎದ್ದರು. ಮಂಗಳಗೌರಿಗೆ ನೋವಾಯಿತು, ಪಟ್ಟು ಸಡಿಲಿಸಲಿಲ್ಲ. ಆ ಹೊತ್ತಿಗೆ ಅವಳಿಗೆ ಇನ್ನೊಂದು ಕಷ್ಟ ಎದುರಾಗಿತ್ತು. ಹೆಸರುಗಳನ್ನು ತೆಗೆದರೆ ಪುಟದಲ್ಲಿ ಉಳಿಯುವುದು 'ಉತ್ತಮ ಗುಣಮಟ್ಟದ ಅರಿಸಿನ ಪುಡಿ' ಎಂಬ ಒಂದೇ ಸಾಲು. ಇಪ್ಪತ್ತು ಪುಟದವರೂ ಹೇಳುವುದು ಅದನ್ನೇ. ಅದನ್ನು ಇನ್ನೊಮ್ಮೆ ಹೇಳಿದರೆ ಯಂತ್ರವೂ ಕೇಳದು, ಮನುಷ್ಯರೂ ಕೇಳರು.

ಮೂರನೆಯ ದಿನ ನೋಟ್‌ಬುಕ್ ಹಿಡಿದು ಜಗಲಿಗೆ ಹೋಗಿ ಮಾವನ ಎದುರು ಕೂತಳು.

"ಅರಿಸಿನ ಬೇಯ್ಸೋದು ಹೇಳಿ ಮಾವ, ಬರ್ಕೋತೀನಿ."

"ಆರ್ ವರ್ಸದಿಂದ ಈ ಮನೇಲಿದ್ದೀಯ. ಕಂಡಿಲ್ವ?"

"ಕಂಡಿದ್ದೀನಿ. ಯಾಕೆ ಹಂಗೆ ಮಾಡ್ತೀರಿ ಅನ್ನೋದು ಗೊತ್ತಿಲ್ಲ."

ಅವರು ಮೊದಲು ಬಿಗುಮಾನದಲ್ಲಿ ಒಂದೆರಡು ಮಾತು ಹೇಳಿದರು. ಆಮೇಲೆ ತಡೆಯಲಾರದೆ ಹೇಳುತ್ತ ಹೋದರು. ಕಿತ್ತ ಗಡ್ಡೆಯನ್ನು ಬೇಯಿಸದೆ ಮೂರು ದಿನ ದಾಟಿಸಬಾರದು. ಕೊಪ್ಪರಿಗೆಯಲ್ಲಿ ನೀರು ಗಡ್ಡೆ ಮುಳುಗುವಷ್ಟೇ ಇರಬೇಕು, ಹೆಚ್ಚಾದರೆ ಬಣ್ಣ ನೀರಿನ ಪಾಲು. ಬಾಯಿಗೆ ಅರಿಸಿನದ ಎಲೆಯನ್ನೇ ಮುಚ್ಚಬೇಕು. ನೊರೆ ಉಕ್ಕಿ ವಾಸನೆ ತಿರುಗಿದಾಗ ಕಡ್ಡಿ ಚುಚ್ಚಿ ನೋಡಬೇಕು. ಒಣಗಿದ್ದು ಸಾಕೋ ಬೇಕೋ ಎಂದು ಕಣ್ಣು ಹೇಳುವುದಿಲ್ಲ, ಕಿವಿ ಹೇಳುತ್ತದೆ. ಮುರಿದರೆ ಟಣ್ ಎನ್ನಬೇಕು. ನಲವತ್ತು ವರ್ಷದಿಂದ ಅವರ ಕೈಯಲ್ಲಿದ್ದ ಇದನ್ನೆಲ್ಲ ಯಾರೂ ಒಂದು ದಿನ ಕೂತು ಕೇಳಿರಲಿಲ್ಲ. ಎರಡು ಸಂಜೆ ಹೇಳಿ ಮುಗಿಸಿದ ಮೇಲೆ ಅವರೇ, "ನಮ್ಮೆಸ್ರು ಎಲ್ಲಾರ ಹಾಕ್ಕೊ ಬುಡು," ಎಂದರು.

ಡಿಸೆಂಬರಿನಲ್ಲಿ ಹೊಸ ಪುಟ ಏರಿತು. ಮೇಲೆ ಹುಲಿ, ಕೆಳಗೆ ಮೊದಲ ಸಾಲಿನಲ್ಲೇ ಚಾಮರಾಜನಗರದ ಅರಿಸಿನ, ಅದರ ಕೆಳಗೆ ದೊಡ್ಡಮಲ್ಲಪ್ಪನವರು ಹೇಳಿದ್ದೆಲ್ಲ. ಯಂತ್ರ ಮತ್ತೆ ಬಂದು ಓದಲು ತಿಂಗಳುಗಟ್ಟಲೆ ಬೇಕು ಎಂದ ಶಿವಸ್ವಾಮಿ. ಅವಳು ಒಂದು ಬುಧವಾರವೂ ತಪ್ಪಿಸಲಿಲ್ಲ. ಸಂಕ್ರಾಂತಿಗೆ ಎಲ್ಲೂ ಇಲ್ಲ. ಶಿವರಾತ್ರಿಗೆ ಯಂತ್ರದ ಪಟ್ಟಿಯ ಎಂಟನೆಯ ಪುಟದಲ್ಲಿ ಇವರು ಸಿಕ್ಕಿದರು. ಪುಟದ ಶೀರ್ಷಿಕೆ ಖಾಲಿಯಿದ್ದದ್ದನ್ನು ಆಗ ಗಮನಿಸಿ, ಅಲ್ಲೂ ಅರಿಸಿನ ಎಂದು ತುಂಬಿದಳು. ಮಾರ್ಚ್ ಮೊದಲ ವಾರ ಎರಡನೆಯ ಪುಟಕ್ಕೆ ಬಂದರು. ಗಿರಾಕಿ ಮಾತ್ರ ಒಬ್ಬರೂ ಬರೆಯಲಿಲ್ಲ.

ಯುಗಾದಿಯ ಹಿಂದಿನ ದಿನ ಬುಧವಾರವಾಗಿತ್ತು. ಅಂಗಳಕ್ಕೆ ಈರೋಡಿನ ಲಾರಿ ಬಂದು ನಿಂತಿತ್ತು. ಹಬ್ಬದ ಮುನ್ನಾದಿನ ಸೊಸೆ ಊರೂರು ತಿರುಗುವುದುಂಟೇ ಎಂದು ಮನೆಯವರು ಮುಖ ಮುರಿದರು. ಅವಳು ಹೋಗಿಯೇ ಹೋದಳು. ಸಂಪರ್ಕ ಸಿಗುವ ಹೊತ್ತಿಗೆ ಮಧ್ಯಾಹ್ನವಾಯಿತು. ಒಂದೇ ಒಂದು ಕಾಗದವಿತ್ತು.

ಅವಳು ಹರದನಹಳ್ಳಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಲಾರಿ ತುಂಬಿ, ಹಮಾಲಿಗಳು ಹಗ್ಗ ಎಳೆದು ಕಟ್ಟುತ್ತಿದ್ದರು. ದೊಡ್ಡಮಲ್ಲಪ್ಪ ಜಗಲಿಯ ಮೇಲೆ ನಿಂತು ನೋಡುತ್ತಿದ್ದರು. ಅವಳು ಅಚ್ಚು ಹಾಕಿಸಿದ್ದ ಹಾಳೆಯನ್ನು ಬಿಚ್ಚಿ, ನಿಂತಲ್ಲೇ ಕನ್ನಡದಲ್ಲಿ ಹೇಳುತ್ತ ಓದಿದಳು. ಬರೆದವರು ವಯನಾಡಿನ ಕಲ್ಪೆಟ್ಟದಲ್ಲಿ ಔಷಧಿ ಎಣ್ಣೆ ಕಾಯಿಸುವವರು. ಗುಂಡ್ಲುಪೇಟೆಯ ಮೇಲೆಯೇ ದಿನವೂ ಅವರ ಊರಿನ ಲಾರಿಗಳು ಓಡಾಡುತ್ತವೆ. ಅರಿಸಿನಕ್ಕಾಗಿ ಹುಡುಕಿ ಹದಿನೈದು ಪುಟ ನೋಡಿದರಂತೆ. ಎಲ್ಲರೂ ತಮ್ಮದೇ ಉತ್ತಮ ಎಂದಿದ್ದಾರೆ, ಹೇಗೆ ಬೇಯಿಸುತ್ತೇವೆಂದು ಹೇಳಿದವರು ನೀವೊಬ್ಬರೇ. ಪರೀಕ್ಷೆಗೆ ಎರಡು ಮೂಟೆ ಅರಿಸಿನದ ಪುಡಿ ಬೇಕು. ಒಗ್ಗಿದರೆ ತಿಂಗಳು ತಿಂಗಳು ತೆಗೆದುಕೊಳ್ಳುತ್ತೇವೆ.

ದೊಡ್ಡಮಲ್ಲಪ್ಪ ಹಾಳೆಯನ್ನು ಕೈಗೆ ತೆಗೆದುಕೊಂಡರು. ಇಂಗ್ಲಿಷ್ ಬಾರದಿದ್ದರೂ ಮೇಲಿನಿಂದ ಕೆಳಗಿನವರೆಗೆ ಕಣ್ಣಾಡಿಸಿ ಮಡಿಚಿ ಜೇಬಿಗಿಟ್ಟರು. ಆಮೇಲೆ ಲಾರಿಯ ಕಡೆ ತಿರುಗಿದರು.

"ಹಗ್ಗ ಬಿಚ್ರಲಾ. ಮೂಟೆ ಇಳ್ಸಿ."

"ಎಷ್ಟ್ ಮೂಟೆ ಯಜಮಾನ್ರೆ?" ಎಂದು ಹಮಾಲಿ ಚಿಕ್ಕಮಾದು ಕೇಳಿದ.

"ಎರಡು ಸಾಕು ಮಾವ," ಎಂದಳು ಮಂಗಳಗೌರಿ. "ಅವರು ಕೇಳಿರೋದು ಅಷ್ಟೆ. ಒಗ್ಗುದ್ರೆ ತಾನೆ ಮುಂದಕ್ಕೆ."

ಅವರು ಅವಳ ಕಡೆ ನೋಡಲೂ ಇಲ್ಲ. "ಎಲ್ಲಾನೂ ಇಳ್ಸಿ," ಎಂದರು ಚಿಕ್ಕಮಾದುವಿಗೆ.

ಎಂಟು ತಿಂಗಳು ಯಾವುದಕ್ಕೂ ಅಂಜದ ಮಂಗಳಗೌರಿಗೆ ಆಗ ಮೊದಲ ಸಲ ಭಯವಾಯಿತು. ಇಡೀ ವರ್ಷದ ಬೆಳೆ ಅವಳ ಒಂದು ಹಾಳೆಯನ್ನು ನಂಬಿ ಅಂಗಳಕ್ಕೆ ಇಳಿಯುತ್ತಿತ್ತು. ಹಮಾಲಿಗಳು ಗೊಣಗುತ್ತ ಮೊದಲ ಮೂಟೆಯನ್ನು ಕೆಳಗೆ ಹಾಕಿದರು. ಅವಳು ಸೆರಗು ಸಿಕ್ಕಿಸಿಕೊಂಡು ಮಿಲ್ಲಿನ ಬಾಗಿಲು ತೆಗೆಯಲು ಹೋದಳು.