ಬಣ್ಣ ಹತ್ತದ ಎಳೆ

ಸೂಜಿಗೆ ದಾರ ಪೋಣಿಸುವಾಗ ಅವರು ಉಸಿರು ಹಿಡಿಯುತ್ತಿದ್ದರು. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಕಣ್ಣು ಕಿರಿದು ಮಾಡಿ, ಗೋಡೆಯ ಮೇಲಿನ ಹಲ್ಲಿಯಂತೆ ನಿಶ್ಚಲರಾಗಿಬಿಡುತ್ತಿದ್ದರು. ದಾರ ಹೊಕ್ಕಿತೆಂದರೆ 'ಹ್ಞೂಂ' ಎಂದು ಉಸಿರು ಬಿಡುವರು. ನನ್ನ ಮಗಳಿಗೆ ಅದನ್ನು ನೋಡುವುದೇ ಆಟ.

"ಬಾಯಾರ, ಸತ್ತಂಗ ಮಾಡಬ್ಯಾಡ್ರೀ!"

"ಸಾಯಂಗಿಲ್ಲ ಬಿಡಲೇ. ಕೈ ನಡಗಬಾರದು, ಅಷ್ಟ."

ಬೆಟಗೇರಿಯ ನಮ್ಮ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದವರು ಅವರು. ಹುಟ್ಟಿದ್ದು ಹೊಳೆದಂಡೆಯ ಕೊರ್ಲಹಳ್ಳಿಯಲ್ಲಿ. ದುಡಿದದ್ದು ದೂರದ ಊರಿನ ಒಂದು ಪ್ರಯೋಗಾಲಯದಲ್ಲಿ, ಇಲಿಗಳ ಭ್ರೂಣದ ಮೇಲೆ. ಮದುವೆಯಾಗಿರಲಿಲ್ಲ. ನಿವೃತ್ತಿಯಾದ ಮೇಲೆ ತಮ್ಮನ ಮಕ್ಕಳಿಗೆ ಭಾರವಾಗಬಾರದೆಂದು ಊರಿಗೆ ಹೋಗದೆ ಇಲ್ಲೇ ನೆಲೆಸಿದ್ದರು. ಓದಿದ ಹೆಂಗಸೆಂಬ ಮರ್ಯಾದೆಗೆ ನಾವು ಓಣಿಯವರೆಲ್ಲ ಅವರನ್ನು ಬಾಯಾರು ಅನ್ನುತ್ತಿದ್ದೆವು.

"ಇಲಿ ಬಸರಾಗಿದ್ದನ್ನ ನೋಡಾಕ ಇಷ್ಟು ಓದಬೇಕೇನ್ರಿ?" ಎಂದು ನಾನೊಮ್ಮೆ ಕೇಳಿದ್ದೆ.

"ಬಸರಾಗೂಕಿಂತ ಮೊದಲ ನೋಡತಿದ್ವಿ ತಂಗಿ. ಬರೇ ಒಂದು ಕೋಶ. ಅದರ ಮುಂದ ಸಾಸಿವಿ ಅಂದ್ರ ಗುಡ್ಡ."

ಆ ಒಂದು ಕೋಶದೊಳಗೆ ಗಾಜಿನ ಸೂಜಿ ಇಳಿಸಿ, ತಾಯಿತಂದೆಯಿಂದ ಬಂದ ವಂಶವಾಹಿಯನ್ನು ಕತ್ತರಿಸಿ ತಿದ್ದುವ ದ್ರವ ಬಿಡುವುದು ಅವರ ಕೆಲಸವಾಗಿತ್ತಂತೆ. ಉಸಿರು ಹಿಡಿಯುವ ರೂಢಿ ಅಲ್ಲಿಯದು. ಇದು ಅಲ್ಲಾಹನ ಕೆಲಸದಲ್ಲಿ ಕೈ ಹಾಕಿದಂತಲ್ಲವೇ ಎಂದು ನನಗೆ ಅಳುಕು. ಕೇಳಿಯೇಬಿಟ್ಟೆ. ಅವರು ಸಿಟ್ಟಾಗಲಿಲ್ಲ. "ಔಷಧ ಕೊಡೂದೂ ಕೈ ಹಾಕಿದಂಗ ಅಲ್ಲೇನು? ಕೈ ಹಾಕೂದು ತಪ್ಪಲ್ಲ. ಗೊತ್ತಿಲ್ಲದ್ದನ್ನ ಗೊತ್ತೈತಿ ಅಂತ ಹಾಕೂದು ತಪ್ಪು" ಅಂದರು.

ನನ್ನ ಅಪ್ಪ ನೂಲಿಗೆ ಬಣ್ಣ ಹಾಕುವವರು. ಅವರ ಕಡಾಯಿ ನೋಡಬೇಕೆಂದು ಬಾಯಾರು ಒಂದು ದಿನ ನನ್ನ ಜೊತೆ ತವರಿಗೆ ಬಂದರು. ಅಪ್ಪ ಕೆಟ್ಟುಹೋದ ಕೆಂಪು ಲಡಿಯೊಂದನ್ನು ಬಿಚ್ಚಿ ತೋರಿಸಿದರು. ನೂಲಿನ ಆ ಕಟ್ಟು ಹೊರಗಿನಿಂದ ಪೂರಾ ಕೆಂಪು. ಬಿಗಿದು ಕಟ್ಟಿದ್ದ ಕಡೆ ಒಳಗಿನ ಎಳೆಗಳು ಬೆಳ್ಳಗೆ ಉಳಿದಿದ್ದವು. "ಮಗ್ಗಕ್ಕ ಹಾಕೂತನಕ ತಿಳಿಯಂಗಿಲ್ರಿ. ಸೀರಿ ನೇಯ್ದ ಮ್ಯಾಲೆ ಕಾಣತೈತಿ" ಎಂದರು ಅಪ್ಪ. ಬಾಯಾರು ಆ ಲಡಿಯನ್ನು ಕೇಳಿ ಪಡೆದು, ತಂದು ತಮ್ಮ ಕಿಟಕಿಗೆ ನೇತುಹಾಕಿಕೊಂಡರು. ಚಂದಕ್ಕೆಂದುಕೊಂಡೆ.

ನಾನೂ ನನ್ನ ಮನೆಯವರೂ ಸೋದರತ್ತೆ, ಸೋದರಮಾವನ ಮಕ್ಕಳು. ಇಬ್ಬರ ರಕ್ತದಲ್ಲೂ ಒಂದೇ ದೋಷ ಅಡಗಿತ್ತು. ನಮಗೇನೂ ಆಗಲಿಲ್ಲ, ಮಗಳಿಗೆ ಎರಡೂ ಕಡೆಯಿಂದ ಬಂತು. ಥಲಸ್ಸೀಮಿಯಾ. ತಿಂಗಳು ತುಂಬುವ ಮೊದಲೇ ಅವಳ ತುಟಿ ಬಿಳಿಚಿಕೊಳ್ಳುತ್ತದೆ, ಗದಗಿಗೆ ಕರೆದೊಯ್ದು ರಕ್ತ ಹಾಕಿಸಬೇಕು. ರಕ್ತ ಸಿಕ್ಕರೆ ಒಮ್ಮೆ ಅಲ್‌ಹಮ್ದುಲಿಲ್ಲಾಹ್ ಅನ್ನುತ್ತೇನೆ. ನರ ಮೊದಲ ಚುಚ್ಚಿಗೇ ಸಿಕ್ಕರೆ ಇನ್ನೊಮ್ಮೆ.

ಇನ್ನೊಂದು ಕೂಸು ಬೇಕೆಂಬ ಆಸೆ, ಅದಕ್ಕೂ ಹೀಗೇ ಆದರೆ ಎಂಬ ಹೆದರಿಕೆ. ಹಾಗಿರುವಾಗ ಮನೆಯವರಿಗೆ ಫೋನಿನಲ್ಲಿ ಒಬ್ಬ ಮನುಷ್ಯ ಗಂಟುಬಿದ್ದ. ಹೊರದೇಶಕ್ಕೆ ಬನ್ನಿ, ಭ್ರೂಣದಲ್ಲೇ ದೋಷ ತಿದ್ದಿ ಹೊಟ್ಟೆಯಲ್ಲಿ ಇಡಿಸಿಕೊಡುತ್ತೇನೆ ಎಂದನಂತೆ. ಇವರು ಪಾಸ್‌ಪೋರ್ಟಿಗೆಂದು ಫೋಟೋ ತೆಗೆಸಿಕೊಂಡೇ ಬಂದರು. ನನ್ನ ಎದೆಯಲ್ಲೂ ದೀಪ ಹತ್ತಿತು, ಸುಳ್ಳೇಕೆ ಹೇಳಲಿ? ಬಾಯಾರು ಅದೇ ಕೆಲಸ ಬಲ್ಲವರು, ಹೂಂ ಅಂದರೆ ಸಾಕು ಎಂದು ಸಂಜೆಯ ಮಗ್ರಿಬ್ ನಮಾಜು ಮುಗಿಸಿ ಕೆಳಗೆ ಕರೆದೆ.

ಅವರು ಎಲ್ಲ ಕೇಳಿ, "ಬ್ಯಾಡ" ಅಂದರು.

"ನೀವೇ ಮಾಡೀರಲ್ರಿ?" ಎಂದರು ಮನೆಯವರು.

"ಇಲಿಗೆ ಮಾಡೇನಪಾ. ಕರಿ ಇಲಿ ಬೆಳ್ಳಗಾಗಲಿ ಅಂತ ತಿದ್ದಿದ್ವಿ. ಹುಟ್ಟಿದ ಮರಿ ಅರ್ಧ ಕರೀದು, ಅರ್ಧ ಬಿಳೀದು. ಒಂದು ಕೋಶ ಎರಡಾಗೂದರೊಳಗ ಕತ್ತರಿ ಕೆಲಸ ಮುಗೀಲಿಲ್ಲಂದ್ರ ಹಂಗ. ಕೆಲವಕ್ಕ ಹತ್ತತೈತಿ, ಕೆಲವಕ್ಕ ಇಲ್ಲ. ಕತ್ತರಿ ಬ್ಯಾರೆ ಕಡೆ ಬಿದ್ದರೂ ಬಿತ್ತು."

ಮನೆಯವರ ದನಿ ಏರಿತು. "ನಿಮಗ ಮಕ್ಕಳಿಲ್ಲ. ನಮ್ಮ ಸಂಕಟ ನಿಮಗೇನ ಗೊತ್ತು?"

ನಾನು ನಾಚಿಕೆಯಿಂದ ಭೂಮಿಗಿಳಿದು ಹೋದೆ. ಬಾಯಾರು ಎದ್ದು ಮೇಲೆ ಹೋದರು. ಇನ್ನು ಈ ಮನೆಯಲ್ಲಿ ಇರಲಾರರು ಅಂದುಕೊಂಡೆ. ಆದರೆ ಆ ಕೆಂಪು ಲಡಿ ಹಿಡಿದುಕೊಂಡು ತಿರುಗಿ ಬಂದರು.

"ನಿಮ್ಮ ಮಾವ ಕೊಟ್ಟಿದ್ದು. ಹೊರಗಿಂದ ನೋಡು, ಎಲ್ಲಾ ಕೆಂಪು. ಭ್ರೂಣದಾಗಿಂದ ಒಂದೆರಡು ಕೋಶ ತಗದು ನೋಡಿ, ಸರಿಯಾಗೇತಿ ಅಂತಾನ ಅಂವ. ಒಳಗಿನ ಎಳಿ ಯಾರು ನೋಡ್ಯಾರ? ಸೀರಿ ಆದ್ರ ಬದಿಗೆ ಇಡಬಹುದು. ಕೂಸನ್ನ?"

ಅಷ್ಟರಲ್ಲಿ ಫೋನು ರಿಂಗಾಯಿತು. ಅವನದೇ. ಬಾಯಾರು ಕೈ ಚಾಚಿದರು. ಮನೆಯವರು ಯಾಕೋ ಕೊಟ್ಟುಬಿಟ್ಟರು.

"ತಿದ್ದಿದ್ದು ಎಲ್ಲಾ ಕೋಶಕ್ಕ ಹತ್ತೇತೋ ಇಲ್ಲೋ, ಹೆಂಗ ನೋಡತೀರಿ?"

"ಚಿಂತಿ ಮಾಡಬ್ಯಾಡ್ರಿ ಮೇಡಂ, ಪೂರಾ ಗ್ಯಾರಂಟಿ."

"ಗ್ಯಾರಂಟಿ ಮಿಕ್ಸರಿಗೆ ಕೊಡತಾರಪಾ" ಎಂದು ಅವರೇ ಫೋನು ಇಟ್ಟರು. ಆಮೇಲೆ ಮನೆಯವರ ಕಡೆ ತಿರುಗಿ ಮೆಲ್ಲಗೆ ಅಂದರು: "ಮುಂದೊಂದು ದಿನ ಬರಬಹುದು. ಇವತ್ತಿಲ್ಲ. ತಿದ್ದಾಕ ಬರಂಗಿಲ್ಲ, ಮೊದಲ ತಿಳಕೊಳ್ಳಾಕ ಬರತೈತಿ. ಬಸರಾದ ಮ್ಯಾಲೆ ಪರೀಕ್ಷಾ ಐತಿ. ನಾ ಬರತೀನಿ ಜೋಡಿ."

ಬಂದರು. ನಾನು ಬಸುರಾದ ಮೂರನೆಯ ತಿಂಗಳಲ್ಲಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಹೊಟ್ಟೆಗೆ ಸೂಜಿ ಇಳಿಸುವಾಗ ನಾನು ಕಲ್ಮಾ ಹೇಳುತ್ತಿದ್ದೆ, ಬಾಯಾರು ನನ್ನ ಕೈ ಹಿಡಿದು ಉಸಿರು ಬಿಗಿಹಿಡಿದಿದ್ದರು. ಫಲಿತಾಂಶ ಬರುವವರೆಗೆ, ಖಬರ ಕೆಟ್ಟದಾದರೆ ಮುಂದೇನು ಎಂಬ ಮಾತನ್ನು ನಾವು ಗಂಡಹೆಂಡತಿ ಬಾಯಿಬಿಟ್ಟು ಆಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಲೂ ಇಲ್ಲ.

ಫೋನು ಬಂದಾಗ ಮೆಟ್ಟಿಲ ಮೇಲೆ ಬಾಯಾರು ನಿಂತಿದ್ದರು, ಮೊಣಕೈ ಪಕ್ಕೆಗೆ ಒತ್ತಿಕೊಂಡು. ಕೂಸಿಗೆ ಒಂದೇ ಕಡೆಯಿಂದ ಬಂದಿದೆ, ನಿಮ್ಮಂತೆಯೇ ಇರುತ್ತದೆ, ಅದಕ್ಕೆ ರಕ್ತ ಹಾಕಿಸುವುದು ಬೇಡ ಎಂದರು ಡಾಕ್ಟರು. ಮೆಟ್ಟಿಲ ಮೇಲಿನಿಂದ 'ಹ್ಞೂಂ' ಕೇಳಿಸಿತು.

ಮಗ ಗೋಡೆ ಹಿಡಿದು ಹೆಜ್ಜೆ ಇಡುವ ಹೊತ್ತಿಗೆ ಬಾಯಾರು ಹೋದರು. ಬೆಳಗಿನ ಚಹಾಕ್ಕೆ ಕೆಳಗೆ ಬರಲಿಲ್ಲವೆಂದು ಮಗಳು ಕರೆಯಲು ಹೋದಳು. "ಅಮ್ಮೀ, ಬಾಯಾರು ಉಸಿರು ಹಿಡದಾರ, ಬಿಡವಲ್ರು" ಎಂದು ಓಡಿ ಬಂದಳು.

ಎಲ್ಲರೂ ನನಗೆ ಆಸೆ ಕೊಟ್ಟಿದ್ದರು. ಬೇಡ ಅಂದವರು ಅವರೊಬ್ಬರೇ. ಆ ಒಂದು ಮಾತಿನ ಋಣ ನನ್ನ ಐದು ಹೊತ್ತಿನ ದುಆದಲ್ಲೂ ತೀರುವುದಿಲ್ಲ.

ಹುಟ್ಟೂರು ಕೊರ್ಲಹಳ್ಳಿಯಲ್ಲಿ ಅವರ ಹೆಣ ಎತ್ತುವಾಗ ತಮ್ಮನ ಮಕ್ಕಳು, ಮಗನ ಜಾಗದಲ್ಲಿ ಯಾರು ನಿಲ್ಲುವುದೆಂದು ಮುಖ ಮುಖ ನೋಡಿಕೊಂಡರಂತೆ. ನನ್ನ ಮನೆಯವರು ಟೋಪಿ ಸರಿಮಾಡಿಕೊಂಡು ಮುಂದೆ ಹೋಗಿ, ಹೊಳೆಯ ದಂಡೆಯವರೆಗೂ ಹೆಗಲು ಕೊಟ್ಟರು.