ಅತ್ತೆ ಕಲಿಸಿದ ಹೆಲಿಕಾಪ್ಟರ್ ಪಾಠ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹುಬ್ಬಳ್ಳಿಯ ವೆಲ್ಡಿಂಗ್ ಕೆಲಸ ಬಿಟ್ಟು, ಮುಂಬೈ ಕಡಲಿನಲ್ಲಿ ತೈಲ ತೆಗೆಯುವ ಕಟ್ಟೆಯೊಂದರಲ್ಲಿ ನೌಕರಿ ಹಿಡಿದೆ. ಅಲ್ಲಿಗೆ ಹೋಗಿಬರುವುದು ಹೆಲಿಕಾಪ್ಟರಿನಲ್ಲಿ. ನವನಗರದ ಮನೆಯಲ್ಲಿ ನಮ್ಮಿಬ್ಬರು ಹೆಣ್ಣುಮಕ್ಕಳನ್ನು ಮಲಗಿಸುತ್ತ ಹೆಂಡತಿ ಕೇಳಿದ್ದು ಒಂದೇ ಮಾತು: ಅವು ಎಷ್ಟು ಸಲ ಬೀಳುತ್ತವೆ? ಅದನ್ನೇ ನಾನು ತರಬೇತಿ ಕೊಡುವವರನ್ನು ಕೇಳಿದೆ. ಬೀಳುವುದು ಅಪರೂಪ, ಆದರೆ ಎಂಜಿನ್ನಿನ ಭಾರ ನೆತ್ತಿಯ ಮೇಲಿರುವುದರಿಂದ ನೀರಿಗೆ ಬಿದ್ದರೆ ಮಗುಚುತ್ತದೆ, ಕಿಟಕಿ ಕೈಗೆ ಸಿಕ್ಕವನು ಉಳಿಯುತ್ತಾನೆ ಎಂದರು.

ಅದಕ್ಕಾಗಿಯೇ ಒಂದು ಪರೀಕ್ಷೆ. ಹೆಲಿಕಾಪ್ಟರಿನಂಥ ಪೆಟ್ಟಿಗೆಯಲ್ಲಿ ನಮ್ಮನ್ನು ಬೆಲ್ಟ್ ಹಾಕಿ ಕೂರಿಸಿ, ಕೊಳದಲ್ಲಿ ಮುಳುಗಿಸಿ ತಲೆಕೆಳಗು ಮಾಡುತ್ತಿದ್ದರು. ಈಜು ಬಾರದ ನಾನು ಹೆದರಿ ಮೊದಲೇ ಬೆಲ್ಟ್ ಬಿಚ್ಚಿದೆ. ಮೇಲು ಯಾವುದು, ಕೆಳಗು ಯಾವುದು ತಿಳಿಯಲಿಲ್ಲ. ಮುಳುಗುಗಾರನೊಬ್ಬ ಕುತ್ತಿಗೆಪಟ್ಟಿ ಹಿಡಿದು ಎಳೆದುಹಾಕಿದ. ನಾಪಾಸು. ತಿಂಗಳೊಳಗೆ ಕಲಿತು ಬಾ ಎಂದು ಕಳಿಸಿದರು.

ಸುದ್ದಿ ಉಪ್ಪಿನಬೆಟಗೇರಿಗೆ, ನನ್ನ ಅತ್ತೆಯ ಮನೆಗೆ ಮುಟ್ಟಿತು. ಹುಡುಗಿಯಾಗಿದ್ದಾಗ ಹೊಲದ ಬಾವಿಯಲ್ಲಿ ಅಣ್ಣಂದಿರನ್ನು ಹಿಂದೆ ಹಾಕಿದವರು ಆಕೆ. ಅಳಿಯನನ್ನು ಕರೆಸಿ, ತೇಲಲೆಂದು ಬೆನ್ನಿಗೆ ಒಣ ಕುಂಬಳಕಾಯಿ ಕಟ್ಟಿಸಿ, ತಮ್ಮ ಹೊಲದ ಬಾವಿಯ ಮೆಟ್ಟಿಲ ಮೇಲೆ ನಿಂತು ಈಜು ಕಲಿಸತೊಡಗಿದರು. ಎರಡು ವಾರಕ್ಕೆ ಕೈಕಾಲು ಹಿಡಿತಕ್ಕೆ ಬಂದವು. ಆಮೇಲೆ ಪರೀಕ್ಷೆಯ ವಿವರವನ್ನೆಲ್ಲ ಕೇಳಿಕೊಂಡು, ಮನೆಯ ಕಬ್ಬಿಣದ ಕುರ್ಚಿ ತರಿಸಿದರು. ಹೆಂಡತಿಯ ತಮ್ಮ ನನ್ನನ್ನು ಅದಕ್ಕೆ ಬೆಲ್ಟಿನಿಂದ ಬಿಗಿದು, ಎದೆಮಟ್ಟದ ನೀರಲ್ಲಿ ಕುರ್ಚಿ ಸಮೇತ ಬೋರಲು ಹಾಕಿ ಪಕ್ಕದಲ್ಲೇ ನಿಲ್ಲುತ್ತಿದ್ದ. ಮೆಣಸಿನಕಾಯಿ ಬಿಡಿಸಲು ಬಂದ ಹೆಂಗಸರು ದಂಡೆಯ ಮೇಲೆ ಸಾಲಾಗಿ ಕೂತು ನೋಡಿ ನಗುತ್ತಿದ್ದರು. ಅತ್ತೆ ಮಾತ್ರ ನಗಲಿಲ್ಲ.

"ಒಂದ ಕೈಲೆ ಹಿಡದ ಬಾವಿ ಕಲ್ಲ ಬಿಡಬ್ಯಾಡ್ರಿ. ನೀರ ಸುಮ್ಮನಾಗೂತನಕಾ ನೀವೂ ಸುಮ್ಮನಿರ್ರಿ. ಬೆಲ್ಟ್ ಕಡೀಕ ಬಿಚ್ಚರಿ."

ಕೊಳದ ತರಬೇತಿಯವರು ಇಂಗ್ಲಿಷಿನಲ್ಲಿ ಹೇಳಿದ್ದೂ ಅದನ್ನೇ, ಕಲ್ಲಿನ ಜಾಗದಲ್ಲಿ ಕಿಟಕಿಯ ಚೌಕಟ್ಟು ಅಷ್ಟೇ. ಆದರೆ ಅದು ನನ್ನ ಮೈಗಿಳಿದದ್ದು ಆ ಬಾವಿಯಲ್ಲಿ.

ಎರಡನೆಯ ಪರೀಕ್ಷೆಯಲ್ಲಿ ಪೆಟ್ಟಿಗೆ ಮಗುಚಿತು. ಎಡಗೈ ಕಿಟಕಿಯ ಚೌಕಟ್ಟನ್ನು ಹಿಡಿದೇ ಇತ್ತು. ಗುಳ್ಳೆಗಳು ಅಡಗುವವರೆಗೆ ಕಾದು, ಕಿಟಕಿ ತಳ್ಳಿ, ಬೆಲ್ಟ್ ಬಿಚ್ಚಿ ಮೇಲೆ ಬಂದೆ. ತಂಡದಲ್ಲಿ ನಾನೇ ಮೊದಲಿಗ.

ಮುಂದೆ ಹತ್ತು ವರ್ಷ ಹಾರಾಡಿದೆ. ಒಮ್ಮೆಯೂ ನೀರಿಗಿಳಿಯುವ ಪ್ರಸಂಗ ಬರಲಿಲ್ಲ. ಪಾಸಾದ ದಿನ ಬೂತಿನಿಂದ ಫೋನ್ ಮಾಡಿದಾಗ ಅತ್ತೆ ಹೊಗಳಲಿಲ್ಲ.

"ಛಲೋ ಆತು. ಸೂಟಿಯೊಳಗ ಮೊಮ್ಮಕ್ಕಳನ್ನ ಕಳಸ್ರಿ," ಎಂದರು. "ಹೆಣ್ಣಮಕ್ಕಳು ನಿಮಗಿಂತ ಲಗೂ ಕಲೀತಾವ."